ಹದಿಮೂರು ವರ್ಷದಿಂದ ಜರ್ಮನಿಗೆ ಐಎಫ್‌ಆರ್‌ಎಸ್ ಲೆಕ್ಕ ಕಳಿಸುತ್ತಿದ್ದೇವೆ, ಈಗ ‘ಮೊದಲ ಸಲ’ ಅಂದರೆ ಹೇಗೆ?

ಹೂಟಗಳ್ಳಿ ಲೆಜರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡ್ಕೋಬೇಡಿ.

ಮೈಸೂರಿನ ಹೂಟಗಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ 2012ರಿಂದ ಅಕೌಂಟ್ಸ್ ನೋಡುತ್ತಿದ್ದೇನೆ. ನಾನು ಸಿಎ ಅಲ್ಲ. ಬಿಕಾಂ ಮುಗಿಸಿ, ಸಿಎ ಇಂಟರ್‌ನಲ್ಲಿ ಒಂದು ಗ್ರೂಪ್ ಪಾಸಾಗಿ ಅಲ್ಲಿಗೇ ನಿಂತವನು. ನಾವು ಮಾಡುವುದು ವಾಹನಗಳಿಗೆ ಬೇಕಾದ ಸಣ್ಣ ಸಣ್ಣ ಲೋಹದ ಭಾಗಗಳು. ಷೇರು ಪೂರ್ತಿ ಜರ್ಮನಿಯ ಪೇರೆಂಟ್ ಕಂಪನಿಯದು. ಅವರು ಅಲ್ಲಿ ಲಿಸ್ಟೆಡ್, 2005ರಿಂದಲೂ ಅಂತರರಾಷ್ಟ್ರೀಯ ಲೆಕ್ಕ ನಿಯಮಗಳಾದ ಐಎಫ್‌ಆರ್‌ಎಸ್. ಹಾಗಾಗಿ ಪ್ರತಿ ತಿಂಗಳ ನಾಲ್ಕನೇ ವರ್ಕಿಂಗ್ ಡೇ ಸಂಜೆಯೊಳಗೆ ನಮ್ಮ ರಿಪೋರ್ಟಿಂಗ್ ಪ್ಯಾಕೇಜು (ಗ್ರೂಪಿನ ಒಟ್ಟು ಲೆಕ್ಕಕ್ಕೆ ಸೇರಿಸಲು ನಾವು ತುಂಬಿ ಕೊಡುವ ಅಂಕಿಗಳು) ಅವರ ಸಿಸ್ಟಂಗೆ ಹೋಗಬೇಕು. ಮದುವೆಯಾದ ತಿಂಗಳೂ ಕಳಿಸಿದ್ದೇನೆ, ಛತ್ರದಲ್ಲಿ ಕೂತು.

ಇಲ್ಲಿನ ಪುಸ್ತಕ ಮಾತ್ರ ಭಾರತದ ಹಳೇ ಅಕೌಂಟಿಂಗ್ ಸ್ಟ್ಯಾಂಡರ್ಡ್ಸ್ ಪ್ರಕಾರವೇ ನಡೆದುಕೊಂಡು ಬಂದಿದೆ. ಈಗ 2025ರ ಮಾರ್ಚ್ 31ಕ್ಕೆ ನಮ್ಮ ನೆಟ್‌ವರ್ತ್ 250 ಕೋಟಿ ದಾಟಿತು. ಅಂದರೆ 2025-26ರಿಂದ ಇಂಡ್ ಎಎಸ್, ಅಂದರೆ ಐಎಫ್‌ಆರ್‌ಎಸ್ ಹೋಲುವ ಭಾರತದ ಹೊಸ ಸ್ಟ್ಯಾಂಡರ್ಡ್ಸ್, ಕಡ್ಡಾಯ. ಹಿಂದಿನ ವರ್ಷದ ಅಂಕಿಯೂ ಬೇಕಾದ್ದರಿಂದ ಟ್ರಾನ್ಸಿಷನ್ ದಿನ, ಅಂದರೆ ಹೊಸ ಲೆಕ್ಕ ಶುರುವಾಗುವ ದಿನ, 2024ರ ಏಪ್ರಿಲ್ 1.

ನಮ್ಮ ಫೈನಾನ್ಸ್ ಹೆಡ್ ಮೀಟಿಂಗಿನಲ್ಲಿ ಹೇಳಿದ್ದು ಇಷ್ಟು. ‘ಇಂಡ್ ಎಎಸ್ ಅಂದರೆ ಐಎಫ್‌ಆರ್‌ಎಸ್‌ನ ತಮ್ಮ. ನಾವು ಐಎಫ್‌ಆರ್‌ಎಸ್ ಆಗಲೇ ಮಾಡ್ತಾ ಇದೀವಿ. ಪ್ಯಾಕೇಜಿನ ಅಂಕಿ ಎತ್ತಿ ಇಲ್ಲಿ ಕೂರಿಸಿದರೆ ಆಯ್ತು, ಎರಡು ವಾರದ ಕೆಲಸ.’ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆದರೆ ಅವತ್ತಿಂದ ನಿದ್ದೆ ಸರಿಯಾಗಿಲ್ಲ.

ಯಾಕೆ ಅಂತ ಹೇಳುತ್ತೇನೆ. ಅಕ್ಟೋಬರ್ 1ಕ್ಕೆ ಆಯುಧಪೂಜೆ ಮಾಡಿದೆವಲ್ಲ, ನಮ್ಮ ಶೆಡ್ಡಿನಲ್ಲಿ ಮೊದಲ ಮಂಗಳಾರತಿ ಒಂದು ಪ್ರೆಸ್ ಮಷೀನಿಗೆ. ಹುಡುಗರು ಅದನ್ನು ದೊಡ್ಡಣ್ಣ ಅಂತಾರೆ. 2014ರ ಏಪ್ರಿಲ್ 1ಕ್ಕೆ ಶುರುವಾದದ್ದು, 3 ಕೋಟಿ ರೂಪಾಯಿ ಬಿದ್ದಿತ್ತು. ಚೆಂಡುಹೂವಿನ ಹಾರ, ವಿಭೂತಿ, ಕೆಳಗೆ ಒಡೆದ ಬೂದುಗುಂಬಳ. ಹಾರದ ಸಂದಿಯಲ್ಲಿ ನಾನೇ ಅಂಟಿಸಿದ ಅಸೆಟ್ ಟ್ಯಾಗು. ಪ್ರಸಾದ ತಿನ್ನುತ್ತಾ ನೋಡುತ್ತಿದ್ದೆ, ತಲೆಯಲ್ಲಿ ಲೆಕ್ಕ ಓಡಿತು.

ಇಲ್ಲಿನ ಪುಸ್ತಕದಲ್ಲಿ ಅದಕ್ಕೆ ಕಂಪನಿ ಕಾಯ್ದೆಯ ಶೆಡ್ಯೂಲ್ 2ರ ಪ್ರಕಾರ 15 ವರ್ಷ ಆಯಸ್ಸು, ಕೊನೆಗೆ ಉಳಿಯುವ ಬೆಲೆ ಶೇ. 5. ವರ್ಷಕ್ಕೆ 19 ಲಕ್ಷ ಸವಕಳಿ. ಹತ್ತು ವರ್ಷಕ್ಕೆ 1.90 ಕೋಟಿ ಹೋಗಿ 2024ರ ಏಪ್ರಿಲ್ 1ಕ್ಕೆ 1.10 ಕೋಟಿ ಉಳಿದಿದೆ. ಜರ್ಮನಿ ಪ್ಯಾಕೇಜಿನಲ್ಲಿ ಅವರ ಗ್ರೂಪ್ ಮ್ಯಾನುಯಲ್ ಪ್ರಕಾರ 10 ವರ್ಷ, ಉಳಿಕೆ ಬೆಲೆ ಇಲ್ಲ. ಅದೇ ದಿನಕ್ಕೆ ಸೊನ್ನೆ. ಅಂದರೆ ಒಂದು ಪುಸ್ತಕದಲ್ಲಿ ದೊಡ್ಡಣ್ಣನಿಗೆ ಕೋಟಿ ರೂಪಾಯಿ ಬೆಲೆ, ಇನ್ನೊಂದರಲ್ಲಿ ತಿಥಿ ಆಗಿಹೋಗಿದೆ. ಶೆಡ್ಡಿನಲ್ಲಿ ಮಾತ್ರ ದಿನಾ ಬೆಳಿಗ್ಗೆ ಎಂಟೂವರೆಗೆ ಧಡ್ ಧಡ್ ಅಂತ ಶುರು.

ಪ್ರಶ್ನೆ ಇದು. ಯಾವ ಅಂಕಿ ಎತ್ತಬೇಕು? ಪ್ಯಾಕೇಜಿನದು ಎತ್ತಬಹುದಾ? ಇಷ್ಟು ವರ್ಷ ಕಳಿಸಿದ್ದಕ್ಕೆ ಏನಾದರೂ ಬೆಲೆ ಇದೆಯಾ, ಇಲ್ಲ ನಾವು ನಿಜವಾಗಿಯೂ ಮೊದಲ ಸಲದವರಾ?

ಆಡಿಟ್ ಕಣ್ಣು

ಮೊದಲ ಸಲದವರೇ. ನಿಮ್ಮ ಹೆಡ್ ಹೇಳಿದ್ದು ತಪ್ಪು, ಆದರೆ ಎಲ್ಲರೂ ಮಾಡುವ ತಪ್ಪು. ಸರಸ್ವತಿಪುರಂನಲ್ಲಿ ಕೂತು ಇದೇ ಮಾತನ್ನು ಮೂರು ಕ್ಲೈಂಟ್‌ಗಳ ಬಾಯಲ್ಲಿ ಕೇಳಿದ್ದೇನೆ.

ಮೊದಲ ಸಲ ಬದಲಾಗುವವರಿಗೆ ಇರುವ ಸ್ಟ್ಯಾಂಡರ್ಡ್ ಐಎಫ್‌ಆರ್‌ಎಸ್ 1. ಅದರ ಮೂರನೇ ಪ್ಯಾರಾ ತೆಗೆದು ನೋಡಿ. ಯಾರು ಮೊದಲ ಸಲದವರು ಅನ್ನುವುದಕ್ಕೆ ಅಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ನಿಮ್ಮದೇ ಕಥೆ ಇದೆ: ಕನ್ಸಾಲಿಡೇಷನ್‌ಗೆ (ಇಡೀ ಗ್ರೂಪಿನ ಲೆಕ್ಕ ಒಂದು ಮಾಡುವುದಕ್ಕೆ) ಐಎಫ್‌ಆರ್‌ಎಸ್ ಪ್ಯಾಕೇಜು ಕಳಿಸಿದ್ದೀರಿ, ಆದರೆ ಪೂರ್ತಿ ಹಣಕಾಸು ಪಟ್ಟಿಗಳನ್ನು ಮಾಡಿಲ್ಲ. ಪ್ಯಾಕೇಜಿನಲ್ಲಿ ‘ಎಲ್ಲ ಸ್ಟ್ಯಾಂಡರ್ಡುಗಳನ್ನೂ ಪಾಲಿಸಿದ್ದೇವೆ’ ಎಂದು ಯಾವ ಷರತ್ತೂ ಇಲ್ಲದ ಒಂದು ವಾಕ್ಯ ಇದೆಯಾ? ಇರಲ್ಲ. ಆ ವಾಕ್ಯ ಬರೆದು ಸಹಿ ಹಾಕುವ ಮೊದಲ ವರ್ಷವೇ ನಿಮ್ಮ ಮೊದಲ ಸಲ. ಪ್ಯಾಕೇಜು ಊರಿಗೆ ಬರೆದ ಕಾಗದ ಇದ್ದ ಹಾಗೆ. ಹೇಳಬೇಕಾದವರಿಗೆ ಎಷ್ಟು ಬೇಕೋ ಅಷ್ಟು ಇರುತ್ತದೆ.

ಇನ್ನು ನೀವು 2016ರಲ್ಲೂ 2017ರಲ್ಲೂ ಯಾಕೆ ತಪ್ಪಿಸಿಕೊಂಡಿರಿ ಅಂತ ಯಾರಾದರೂ ಕೇಳಬಹುದು, ಪೇರೆಂಟ್ ಅಷ್ಟು ದೊಡ್ಡದಲ್ವಾ ಅಂತ. 2015ರ ಫೆಬ್ರವರಿಯ ಇಂಡ್ ಎಎಸ್ ರೂಲ್ಸ್ ಪ್ರಕಾರ 2016ರ ಮೊದಲ ಹಂತಕ್ಕೆ 500 ಕೋಟಿ ನೆಟ್‌ವರ್ತ್, 2017ರ ಎರಡನೇ ಹಂತಕ್ಕೆ ಲಿಸ್ಟ್ ಆಗದ ಕಂಪನಿಗೆ 250 ಕೋಟಿ. ಅಂಥ ಕಂಪನಿಯ ಅಂಗಸಂಸ್ಥೆಗಳೂ ಜೊತೆಗೆ ಎಳೆದುಕೊಂಡು ಬರುತ್ತವೆ. ಆದರೆ ವಿದೇಶದ ಪೇರೆಂಟ್ ನಮ್ಮ 2013ರ ಕಂಪನಿ ಕಾಯ್ದೆಯ ಅರ್ಥದಲ್ಲಿ ‘ಕಂಪನಿ’ಯೇ ಅಲ್ಲ. ಹಾಗಾಗಿ ನಿಮ್ಮ ಸ್ವಂತ ನೆಟ್‌ವರ್ತ್ ಮಾತ್ರ ಲೆಕ್ಕ. ಒಂದು ಸಲ ಒಳಗೆ ಬಂದರೆ ಹೊರಗೆ ಹೋಗುವ ಬಾಗಿಲಿಲ್ಲ. ನಾಳೆ ನಷ್ಟವಾಗಿ 250ರ ಕೆಳಗೆ ಇಳಿದರೂ ಇಂಡ್ ಎಎಸ್ಸೇ.

ಈಗ ನಿಜವಾದ ವಿಷಯಕ್ಕೆ ಬರೋಣ. ನಿಮ್ಮ ಹೆಡ್‌ಗೆ ಆ ಆಸೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಐಎಫ್‌ಆರ್‌ಎಸ್ 1ರಲ್ಲಿ ಡಿ16 ಅಂತ ಒಂದು ಪ್ಯಾರಾ ಇದೆ. ಪೇರೆಂಟ್ ಮೊದಲೇ ಬದಲಾಗಿ, ಅಂಗಸಂಸ್ಥೆ ಆಮೇಲೆ ಬದಲಾದರೆ ಅದಕ್ಕೆ ಎರಡು ದಾರಿ. ಒಂದು, ಪೇರೆಂಟ್‌ನ ಕನ್ಸಾಲಿಡೇಷನ್‌ನಲ್ಲಿ ತನ್ನ ಆಸ್ತಿ, ಸಾಲ ಯಾವ ಬೆಲೆಗೆ ಕೂತಿರುತ್ತಿತ್ತೋ ಆ ಬೆಲೆ ತಗೊಳ್ಳುವುದು. ಕನ್ಸಾಲಿಡೇಷನ್ ಎಂಟ್ರಿ ಮತ್ತು ಆ ಅಂಗಸಂಸ್ಥೆಯನ್ನು ಕೊಂಡಾಗ ಪೇರೆಂಟ್ ಏರಿಸಿದ ಬೆಲೆ ಬಿಟ್ಟು. ಎರಡು, ತನ್ನದೇ ಟ್ರಾನ್ಸಿಷನ್ ದಿನದಿಂದ ತಾನೇ ಲೆಕ್ಕ ಕಟ್ಟುವುದು. ಒಂದೇ ಅಂಗಸಂಸ್ಥೆ ಎರಡು ಪುಸ್ತಕ ಹೊತ್ತುಕೊಂಡು ಸಾಯಬಾರದು ಅಂತಲೇ ಮೊದಲ ದಾರಿ ಇಟ್ಟಿರುವುದು.

ಅದರ ಭಾರತದ ರೂಪವಾದ ಇಂಡ್ ಎಎಸ್ 101ರಲ್ಲೂ ಡಿ16 ಇದೆ. ಆದರೆ ಅಕ್ಷರ ಅಕ್ಷರ ಓದಿ. ಅಲ್ಲಿರುವುದು ‘ಪೇರೆಂಟ್ ಇಂಡ್ ಎಎಸ್‌ಗೆ ಬದಲಾದ ದಿನ’. ನಿಮ್ಮ ಜರ್ಮನಿಯವರು ಇಂಡ್ ಎಎಸ್‌ಗೆ ಯಾವತ್ತು ಬದಲಾದರು? ಯಾವತ್ತೂ ಇಲ್ಲ. ನಾನು ಓದುವ ಪ್ರಕಾರ ಆ ಬಾಗಿಲು ನಿಮಗೆ ಮುಚ್ಚಿದೆ. ಇಲ್ಲೇ ಹೆಚ್ಚಿನವರು ಎಡವುವುದು. ಐಎಫ್‌ಆರ್‌ಎಸ್ ಪುಸ್ತಕ ಓದಿಕೊಂಡು ಇಂಡ್ ಎಎಸ್ ಪರೀಕ್ಷೆಗೆ ಹೋಗುತ್ತಾರೆ.

ದೊಡ್ಡಣ್ಣನ ವಿಷಯ ಇನ್ನೂ ಚೆನ್ನಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಒಂದು ಆಡಿಟ್‌ಗೆ ಕಡಕೊಳಕ್ಕೆ ಹೋಗಬೇಕು.

ಹೂಟಗಳ್ಳಿ ಲೆಜರ್

ಬೇಗ ಬನ್ನಿ ಸಾರ್. ‘ಊರಿಗೆ ಬರೆದ ಕಾಗದ’ ಅಂದಿರಲ್ಲ, ಅದು ನಾಟಿತು. ನಮ್ಮ ಪ್ಯಾಕೇಜಿನ ಸೂಚನೆಯಲ್ಲೇ ಇಂತಿಷ್ಟು ಯೂರೋ ಒಳಗಿನ ಲೀಸ್ ಲೆಕ್ಕ ಬೇಡ ಅಂತ ಇದೆ. ಅವರ ಮಿತಿಗೆ ನಮ್ಮಲ್ಲಿರುವ ಒಂದು ಲೀಸೂ ಮುಟ್ಟಲ್ಲ. ವಿಜಯನಗರದ ಗೆಸ್ಟ್‌ಹೌಸ್, ಫೋರ್ಕ್‌ಲಿಫ್ಟು, ಕೆಲಸದವರ ಬಸ್ಸು, ಎಲ್ಲ ಹಾಗೇ ಖರ್ಚಿಗೆ ಹೋಗಿದೆ.

ಇನ್ನೊಂದು ಮಾತು. ಅವರ ವರ್ಷ ಮುಗಿಯುವುದು ಡಿಸೆಂಬರ್ 31ಕ್ಕೆ. ಅವರ ಆಡಿಟರ್ ಕೇಳಿದರು ಅಂತ ನಮ್ಮ ಪ್ಯಾಕೇಜನ್ನು ಇಲ್ಲಿನ ಆಡಿಟರ್ ನೋಡುವುದು ಡಿಸೆಂಬರಿನದು ಮಾತ್ರ. ಮಾರ್ಚ್ 31ರ ಪ್ಯಾಕೇಜು ನಾನು ಕಳಿಸಿದ್ದು, ಯಾರೂ ಮುಟ್ಟಿಲ್ಲ. ನಮ್ಮ ಟ್ರಾನ್ಸಿಷನ್ ದಿನ ಸರಿಯಾಗಿ ಅದರ ಮೇಲೆ ಬಂದು ಕೂತಿದೆ.

ಕರಿಘಟ್ಟ ಕಡೆಯವ

ಬಸ್ಸು ಅಂದಿದ್ದಕ್ಕೆ ಬಂದೆ. ನಾನು ಮಂಡ್ಯ ಕಡೆಯ ಒಂದು ಕಾರ್ಖಾನೆಯಲ್ಲಿ ಇದ್ದೇನೆ. ನಾವು 2017ರಲ್ಲೇ ಬದಲಾದೆವು, ಲೀಸಿನ ಹೊಸ ಸ್ಟ್ಯಾಂಡರ್ಡ್ ಇಂಡ್ ಎಎಸ್ 116 ಬಂದದ್ದು 2019ರ ಏಪ್ರಿಲ್ 1ಕ್ಕೆ. ಲೀಸಿಗೆ ಪಡೆದದ್ದನ್ನು ಆಸ್ತಿ ಅಂತ, ಕಟ್ಟಬೇಕಾದ ಬಾಡಿಗೆಯನ್ನು ಸಾಲ ಅಂತ ಬ್ಯಾಲೆನ್ಸ್ ಶೀಟಿಗೆ ತರಿಸುವುದು ಅದೇ. ಆ ವರ್ಷ ನಮ್ಮ ಪ್ರಾಣ ತಿಂದದ್ದು ಮಷೀನೂ ಅಲ್ಲ, ಜಮೀನೂ ಅಲ್ಲ, ಬಸ್ಸು.

ಪಾಂಡವಪುರ, ಶ್ರೀರಂಗಪಟ್ಟಣ, ಮದ್ದೂರು ಕಡೆಯಿಂದ ಕೆಲಸದವರನ್ನು ಕರೆತರಲು ಆರು ಬಸ್ಸು ಇಟ್ಟಿದ್ದೆವು. ಮಾಲೀಕ ಒಬ್ಬನೇ. ಎಲ್ಲರೂ ಅದನ್ನು ‘ಬಸ್ ಬಾಡಿಗೆ’ ಅಂತ ಖರ್ಚಿಗೆ ಬರೆಯುತ್ತಿದ್ದೆವು. ಆಡಿಟರ್ ಕಾಂಟ್ರಾಕ್ಟ್ ತೆಗೆಸಿ ಓದಿದರು. ಅದರಲ್ಲಿ ಆರೂ ಬಸ್ಸಿನ ನಂಬರು ಬರೆದಿತ್ತು, ಕೆಎ 11 ಅಂತ ಶುರುವಾಗುವುದು. ಐದು ವರ್ಷದ ಕಾಂಟ್ರಾಕ್ಟು. ನಮ್ಮ ಕಂಪನಿ ಬಣ್ಣ ಹೊಡೆಸಿ, ಹೆಸರು ಬರೆಸಿದ್ದೆವು. ಯಾವ ದಾರಿ, ಎಷ್ಟು ಗಂಟೆ, ಭಾನುವಾರ ಓಡಬೇಕಾ ಬೇಡವಾ, ಎಲ್ಲ ನಾವು ಹೇಳಿದ ಹಾಗೆ.

‘ಬಸ್ ಕೆಟ್ಟರೆ ಬೇರೆ ಬಸ್ ತರ್ತಾನೆ ಸಾರ್, ಹಾಗಾಗಿ ಲೀಸ್ ಅಲ್ಲ’ ಅಂದೆ ನಾನು. ಅವರು ನಕ್ಕರು. ರಿಪೇರಿಗೆ ಬದಲಿ ತರುವುದು ಲೆಕ್ಕಕ್ಕೆ ಬರಲ್ಲ. ತನಗೆ ಲಾಭ ಅನ್ನಿಸಿದಾಗಲೆಲ್ಲ ಬಸ್ ಬದಲಾಯಿಸುವ ಹಕ್ಕು, ಅನುಕೂಲ ಎರಡೂ ಮಾಲೀಕನಿಗೆ ಇದ್ದರೆ ಮಾತ್ರ ಅದು ಬರೀ ಸೇವೆ. ನಮ್ಮ ಬಣ್ಣ ಹೊಡೆದ ಬಸ್ಸನ್ನು ಅವನು ಮದುವೆ ದಿಬ್ಬಣಕ್ಕೂ ಕಳಿಸುವ ಹಾಗಿರಲಿಲ್ಲ. ಕೊನೆಗೆ ಆರೂ ಬಸ್ಸು ಬ್ಯಾಲೆನ್ಸ್ ಶೀಟಿಗೆ ಹತ್ತಿದವು. ಡ್ರೈವರ್ ಸಂಬಳ, ಡೀಸೆಲ್ಲಿನ ಪಾಲು ಬೇರೆ ತೆಗೆದು ಉಳಿದದ್ದು ಲೀಸ್. ಆ ಪಾಲು ಮಾಡುವಷ್ಟರಲ್ಲಿ ಮಾಲೀಕನಿಗೂ ನನಗೂ ಮಾತು ಬಿಟ್ಟುಹೋಗಿತ್ತು, ಯಾಕೆ ಅಂದರೆ ಅವನ ಡೀಸೆಲ್ ಲೆಕ್ಕ ನಾನು ಕೇಳಿದೆನಲ್ಲ.

ನಿಮ್ಮದು ಹನ್ನೊಂದು ತಿಂಗಳ ಕಾಂಟ್ರಾಕ್ಟ್ ಆಗಿದ್ದರೆ ಬಚಾವ್. ಹನ್ನೆರಡು ತಿಂಗಳ ಒಳಗಿನದಕ್ಕೆ ವಿನಾಯಿತಿ ಇದೆ. ಟ್ರಾನ್ಸಿಷನ್ ದಿನದಿಂದ ಹನ್ನೆರಡು ತಿಂಗಳೊಳಗೆ ಮುಗಿಯುವ ಹಳೇ ಲೀಸನ್ನೂ ಬಿಡಬಹುದು. ಉಳಿದದ್ದಕ್ಕೆ ಹಿಂದಕ್ಕೆ ಹೋಗಿ ಕೆದಕಬೇಕಾಗಿಲ್ಲ. ಆ ದಿನಕ್ಕೆ ಇನ್ನೂ ಎಷ್ಟು ಬಾಡಿಗೆ ಕಟ್ಟಬೇಕೋ ಅದನ್ನು ಆ ದಿನದ ಸಾಲದ ಬಡ್ಡಿ ದರದಲ್ಲಿ ಇಳಿಸಿ, ಅಷ್ಟೇ ಮೊತ್ತಕ್ಕೆ ಆಸ್ತಿಯನ್ನೂ ಕೂರಿಸುವ ಅವಕಾಶ ಇದೆ.

ಜಮೀನು ಕೆಐಎಡಿಬಿಯದಾ (ಸರ್ಕಾರದ ಕೈಗಾರಿಕಾ ಪ್ರದೇಶ ಮಂಡಳಿ)? ಹಾಗಾದರೆ ಪತ್ರ ತೆಗೆದು ಓದಿ. ಲೀಸ್-ಕಮ್-ಸೇಲ್ ಆಗಿ, ಕೊನೆಗೆ ನಿಮ್ಮ ಹೆಸರಿಗೆ ಬರುವುದಾ, ಇಲ್ಲ 99 ವರ್ಷಕ್ಕೆ ಲೀಸಾ? ಎರಡಕ್ಕೂ ದಾರಿ ಬೇರೆ. ಸುಮ್ನೆ ‘ಭೂಮಿ’ ಅಂತ ಒಂದೇ ಸಾಲಿನಲ್ಲಿ ಇಟ್ಟಿರುತ್ತೀರಿ, ನಾವೂ ಇಟ್ಟಿದ್ದೆವು.

ಮಂಡ್ಯ ಟು ದೇರಾ

ದುಬೈಯಿಂದ. ಊರು ಮಂಡ್ಯ. ಡಿ16ರ ಆ ಮೊದಲ ಬಾಗಿಲಿನಿಂದ ನಿಜವಾಗಿ ಒಳಗೆ ಹೋದವನು ನಾನು, ಅಲ್ಲಿ ಏನಿತ್ತು ಅಂತ ಹೇಳುತ್ತೇನೆ.

ಇಲ್ಲಿ ಕಾರ್ಪೊರೇಟ್ ಟ್ಯಾಕ್ಸ್ ಬಂದ ಮೇಲೆ ಲೆಕ್ಕ ಐಎಫ್‌ಆರ್‌ಎಸ್ ಪ್ರಕಾರ ಇರಬೇಕು. ವರಮಾನ 5 ಕೋಟಿ ದಿರ್ಹಮ್ ಒಳಗಿದ್ದರೆ ಸಣ್ಣ ಕಂಪನಿಗಳ ಐಎಫ್‌ಆರ್‌ಎಸ್ ಸಾಕು. ನಮ್ಮದು ಒಂದು ಯುರೋಪಿನ ಗ್ರೂಪಿನ ಅಂಗಸಂಸ್ಥೆ, ಆ ಗೆರೆ ದಾಟಿದೆವು. ಸಣ್ಣದರಿಂದ ದೊಡ್ಡದಕ್ಕೆ ಹೋಗುವುದೂ ಮೊದಲ ಸಲವೇ ಅಂತ ಗೊತ್ತಾದಾಗ ನಮ್ಮ ಮ್ಯಾನೇಜರ್ ಮುಖ ನೋಡಬೇಕಿತ್ತು. ಆದರೆ ಪೇರೆಂಟ್ ಪೂರ್ತಿ ಐಎಫ್‌ಆರ್‌ಎಸ್, ಹಾಗಾಗಿ ನಮಗೆ ಬಾಗಿಲು ತೆರೆದಿತ್ತು. ‘ಗ್ರೂಪ್ ಅಂಕಿ ತಗೊಳ್ಳೋಣ, ಸುಲಭ’ ಅಂದರು.

ಸುಲಭ ಏನೂ ಇರಲಿಲ್ಲ. ನಾವು ಕಳಿಸಿದ ಪ್ಯಾಕೇಜು ಒಂದು, ಹೆಡ್ ಆಫೀಸಿನವರು ಕನ್ಸಾಲಿಡೇಷನ್‌ನಲ್ಲಿ ಕೂರಿಸಿದ್ದು ಇನ್ನೊಂದು. ಲೀಸಿನ ಎಂಟ್ರಿ, ಬರಬೇಕಾದ ಹಣಕ್ಕೆ ನಷ್ಟದ ಅಂದಾಜು, ಇವೆಲ್ಲ ಅವರು ಅಲ್ಲೇ ಮೇಲಿಂದ ಹಾಕಿಬಿಟ್ಟಿದ್ದರು. ನಮ್ಮ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ. ಅವನ್ನು ಒಂದೊಂದಾಗಿ ಕೆಳಗೆ ಇಳಿಸಿಕೊಳ್ಳಬೇಕು. ಅವರ ಎಕ್ಸೆಲ್ ಫೈಲ್ ಕೈಗೆ ಸಿಗಲು ಆರು ವಾರ. ಸಿಕ್ಕ ಮೇಲೆ ನೋಡಿದರೆ ನಮ್ಮ ಗೋದಾಮಿನ ಲೀಸು ಅದರಲ್ಲೂ ಇಲ್ಲ. ಕೇಳಿದರೆ ‘ಗ್ರೂಪಿಗೆ ಅದು ತುಂಬಾ ಸಣ್ಣದು’ ಅಂದರು. ಅವರಿಗೆ ಸಣ್ಣದು, ನಮ್ಮ ಬ್ಯಾಲೆನ್ಸ್ ಶೀಟಿಗೆ ಅದು ಆನೆ. ನಮ್ಮ ಆಡಿಟರ್ ‘ಗ್ರೂಪ್ ಅಂಕಿ ತಗೊಳ್ಳಬಹುದು, ಗ್ರೂಪಿನ ಮೆಟೀರಿಯಾಲಿಟಿ ತಗೊಳ್ಳೋ ಹಾಗಿಲ್ಲ’ ಅಂದರು. ಮೆಟೀರಿಯಾಲಿಟಿ ಅಂದರೆ ಎಷ್ಟು ದೊಡ್ಡ ಮೊತ್ತವಾದರೆ ಲೆಕ್ಕಕ್ಕೆ ಹಿಡಿಯಬೇಕು ಅನ್ನುವ ಮಿತಿ. ಆಮೇಲೆ ಗೋದಾಮು ನಾವೇ ಲೆಕ್ಕ ಕಟ್ಟಿದೆವು.

ಬೇರೆ ದೇಶದಲ್ಲಿ ಬ್ರಾಂಚ್ ಇರುವವರಿಗೆ ಒಂದು ಸಂತೋಷದ ಸುದ್ದಿ. ಕರೆನ್ಸಿ ಬದಲಾವಣೆಯ ಕೂಡಿಕೊಂಡ ವ್ಯತ್ಯಾಸವನ್ನೂ ಪೇರೆಂಟ್‌ನ ಅಂಕಿಯಂತೆ ತಗೊಳ್ಳಬಹುದು ಅಂತ 2020ರಲ್ಲಿ ತಿದ್ದುಪಡಿ ಬಂತು, 2022ರ ಜನವರಿಯಿಂದ ಜಾರಿ. ಹಾಗೇ ಐಎಫ್‌ಆರ್‌ಎಸ್ 19 ಅಂತ 2024ರ ಮೇನಲ್ಲಿ ಬಂದಿದೆ, 2027ರ ಜನವರಿಯಿಂದ ಜಾರಿ. ನಮ್ಮಂಥ ಅಂಗಸಂಸ್ಥೆಗೆ ನೋಟ್ಸ್ ಕಡಿಮೆ ಮಾಡಿಕೊಡುತ್ತದೆ. ಅಂಕಿ ಅದೇ, ಬರೆಯುವುದು ಮಾತ್ರ ಕಡಿಮೆ.

ಮೈಸೂರಿನಲ್ಲಿ ಈಗ ಚಳಿ ಶುರುವಾಯ್ತಾ? ಇಲ್ಲಿ ಇನ್ನೂ ಏಸಿ.

ಆಡಿಟ್ ಕಣ್ಣು

ಬಂದೆ. ದೇರಾದವರು ಹೇಳಿದ ಮೆಟೀರಿಯಾಲಿಟಿ ಮಾತನ್ನು ಗೋಡೆಗೆ ಬರೆದು ಇಟ್ಟುಕೊಳ್ಳಿ. ಜರ್ಮನಿಯವರಿಗೆ 1 ಕೋಟಿ ರೂಪಾಯಿ ಅಂದರೆ ಆಫೀಸಿನ ಕಾಫಿಪುಡಿ ಖರ್ಚು. ಹದಿಮೂರು ವರ್ಷ ನಿಮ್ಮ ಪ್ಯಾಕೇಜನ್ನು ಯಾರೂ ಪ್ರಶ್ನೆ ಮಾಡಲಿಲ್ಲ ಅಂದರೆ ಅದು ಸರಿ ಇತ್ತು ಅಂತ ಅರ್ಥ ಅಲ್ಲ, ಅವರ ಕಣ್ಣಿಗೆ ಬೀಳುವಷ್ಟು ದೊಡ್ಡದಿರಲಿಲ್ಲ ಅಷ್ಟೆ.

ಈಗ ದೊಡ್ಡಣ್ಣ. ಲೆಜರ್ ಅವರೇ, ನಿಮ್ಮ ಪ್ರಶ್ನೆಯಲ್ಲಿ ಯಾವ ಅಂಕಿ ಅಂತ ಕೇಳಿದ್ದೀರಿ. ನಾನು ಆಡಿಟರ್ ಆಗಿ ಕೇಳುವ ಪ್ರಶ್ನೆ ಬೇರೆ. ಒಂದೇ ಮಷೀನು, ಒಂದೇ ಕಂಪನಿ, ಒಂದೇ ದಿನ. ಇಲ್ಲಿ ಹದಿನೈದು ವರ್ಷ ಬಾಳುತ್ತದೆ ಅಂತ ಡೈರೆಕ್ಟರ್‌ಗಳು ಸಹಿ ಹಾಕಿದ್ದಾರೆ. ಅಲ್ಲಿ ಹತ್ತೇ ವರ್ಷ ಅಂತ ನೀವೇ ಕಳಿಸಿದ್ದೀರಿ. ಯಾವುದು ನಿಮ್ಮ ನಿಜವಾದ ಅಂದಾಜು? ಎರಡೂ ಆಗಿರಲು ಸಾಧ್ಯವಿಲ್ಲ ಅಲ್ವಾ?

ಇಂಡ್ ಎಎಸ್ 101ರ ಪ್ಯಾರಾ 14 ಇದಕ್ಕೆ ಬೇಲಿ ಹಾಕಿದೆ. ಟ್ರಾನ್ಸಿಷನ್ ದಿನದ ಅಂದಾಜುಗಳು ಹಳೇ ಪುಸ್ತಕದ ಅಂದಾಜಿಗೆ ಹೊಂದಬೇಕು, ಅದು ತಪ್ಪಾಗಿತ್ತು ಅನ್ನುವುದಕ್ಕೆ ಪುರಾವೆ ಇದ್ದರೆ ಬೇರೆ ಮಾತು. ಅಂದರೆ ‘ಜರ್ಮನಿಯ ಹತ್ತು ವರ್ಷ ತಗೊಳ್ಳುತ್ತೇವೆ’ ಅಂದರೆ ‘ಇಷ್ಟು ವರ್ಷ ಇಲ್ಲಿ ತಪ್ಪು ಬರೆದೆವು’ ಅಂತ ಒಪ್ಪಿಕೊಂಡ ಹಾಗೆ. ಯಾವ ಡೈರೆಕ್ಟರ್ ಒಪ್ಪುತ್ತಾರೆ? ಅದೂ ಮಷೀನು ಕಣ್ಣೆದುರು ಓಡುತ್ತಿರುವಾಗ. ನಿಜ ಹೇಳಬೇಕು ಅಂದರೆ ತಪ್ಪು ವಾಸನೆ ಹೊಡೆಯುತ್ತಿರುವುದು ಆ ಕಡೆಯ ಸೊನ್ನೆಯಲ್ಲಿ. ಮಷೀನು, ಕಟ್ಟಡಗಳ ಸ್ಟ್ಯಾಂಡರ್ಡ್ ಐಎಎಸ್ 16 ಪ್ರಕಾರ ಆಯಸ್ಸನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಬೇಕು. ಹತ್ತನೇ ವರ್ಷ ಮುಟ್ಟುವವರೆಗೆ ಯಾರೂ ನೋಡಿಲ್ಲ. ಮ್ಯಾನುಯಲ್‌ನಲ್ಲಿ ಹತ್ತು ಅಂತಿತ್ತು, ಹತ್ತು ಹಾಕಿದಿರಿ.

ಇನ್ನು ದಾರಿ. ನಮ್ಮ 101ರಲ್ಲಿ ಡಿ7ಎಎ ಅಂತ ಒಂದು ಇದೆ, ಐಎಫ್‌ಆರ್‌ಎಸ್ 1ರಲ್ಲಿ ಇಲ್ಲ, ನಮ್ಮವರು ಸೇರಿಸಿದ್ದು. ಮಷೀನು, ಕಟ್ಟಡದಂಥ ಸ್ಥಿರಾಸ್ತಿಯನ್ನೆಲ್ಲ ಹಳೇ ಪುಸ್ತಕದ ಬೆಲೆಗೇ ಹೊಸ ಪುಸ್ತಕಕ್ಕೆ ತಂದು, ಅದನ್ನೇ ಮೂಲ ಬೆಲೆ ಅಂತ ಇಟ್ಟುಕೊಳ್ಳಬಹುದು. ಫಂಕ್ಷನಲ್ ಕರೆನ್ಸಿ, ಅಂದರೆ ಕಂಪನಿಯ ವ್ಯವಹಾರ ಮುಖ್ಯವಾಗಿ ನಡೆಯುವ ಕರೆನ್ಸಿ, ಬದಲಾಗಬಾರದು. ತಗೊಂಡರೆ ಎಲ್ಲದಕ್ಕೂ ತಗೊಳ್ಳಬೇಕು, ದೊಡ್ಡಣ್ಣನಿಗೆ ಒಂದು, ಪಕ್ಕದ ಲೇತ್‌ಗೆ ಇನ್ನೊಂದು ಅನ್ನುವ ಹಾಗಿಲ್ಲ. ಇದನ್ನು ತಗೊಂಡರೆ ದೊಡ್ಡಣ್ಣ 1.10 ಕೋಟಿಗೆ ಒಳಗೆ ಬರುತ್ತಾನೆ. ನಿಮ್ಮ ಟ್ರಾನ್ಸಿಷನ್ ಸಲೀಸು. ಆದರೆ ಅಲ್ಲಿ ಬೆಲೆ ಆಗಲೇ ಸೊನ್ನೆ ಆದ್ದರಿಂದ ಪ್ಯಾಕೇಜಿಗೆ ಪ್ರತಿ ತಿಂಗಳು ಸವಕಳಿ ತಿರುಗಿಸುವ ಎಂಟ್ರಿ ಮುಂದುವರಿಯುತ್ತದೆ.

ಇಲ್ಲದಿದ್ದರೆ ಶುರುವಿನಿಂದ ಇಂಡ್ ಎಎಸ್ 16 ಇದ್ದಿದ್ದರೆ ಹೇಗಿರುತ್ತಿತ್ತು ಅಂತ ಕಟ್ಟುವುದು. ಕಾರ್ಖಾನೆ ಪೇರೆಂಟ್‌ನವರೇ ಶುರು ಮಾಡಿದ್ದು, ಕೊಂಡದ್ದಲ್ಲ ಅಂದರೆ ಎರಡೂ ಕಡೆ ಖರೀದಿ ಬೆಲೆ ಒಂದೇ. ಆಯಸ್ಸಿನ ಜಗಳ ಬಗೆಹರಿದರೆ ಎರಡು ಪುಸ್ತಕ ಒಂದಾಗುವ ಸಾಧ್ಯತೆ ಇರುವುದು ಈ ದಾರಿಯಲ್ಲೇ. ಕೆಲಸ ಜಾಸ್ತಿ.

ಆರ್ಟಿಕಲ್ಸ್ ಎರಡನೇ ವರ್ಷ

ಸಾರ್, ಒಂದು ಸಣ್ಣ ಡೌಟು. ಈ ಬದಲಾವಣೆಯಿಂದ ರಿಸರ್ವ್ಸ್ ಏರಿದರೆ ಅದಕ್ಕೆ ತೆರಿಗೆ ಬೀಳುತ್ತಾ? ಸೀನಿಯರ್‌ನ ಕೇಳಿದರೆ ‘ಓದ್ಕೋ’ ಅಂತಾರೆ.

ಆಡಿಟ್ ಕಣ್ಣು

ನಿಮ್ಮ ಸೀನಿಯರ್‌ಗೂ ಗೊತ್ತಿರಲ್ಲ, ಬಿಡಿ. 2025-26ಕ್ಕೆ ಇನ್ನೂ 1961ರ ಆದಾಯ ತೆರಿಗೆ ಕಾಯ್ದೆಯೇ. ಮ್ಯಾಟ್ (ಪುಸ್ತಕದ ಲಾಭದ ಮೇಲಿನ ಕನಿಷ್ಠ ತೆರಿಗೆ) ಕಟ್ಟುವ ಕಂಪನಿ ಆಗಿದ್ದರೆ ಸೆಕ್ಷನ್ 115ಜೆಬಿ ಪ್ರಕಾರ ಟ್ರಾನ್ಸಿಷನ್ ಮೊತ್ತವನ್ನು ಐದು ವರ್ಷಕ್ಕೆ ಹಂಚಿ, ವರ್ಷಕ್ಕೆ ಐದನೇ ಒಂದು ಪಾಲು ಸೇರಿಸಬೇಕು ಇಲ್ಲವೇ ಕಳೆಯಬೇಕು. ಅದರಲ್ಲೂ ಕೆಲವನ್ನು ಹೊರಗಿಟ್ಟಿದ್ದಾರೆ, ಸೆಕ್ಷನ್ ಪೂರ್ತಿ ಓದಿ. ಕಂಪನಿ 115ಬಿಎಎ ತಗೊಂಡು ಶೇ. 22ರ ದರಕ್ಕೆ ಹೋಗಿದ್ದರೆ ಮ್ಯಾಟೇ ಇಲ್ಲ, ಈ ತಲೆನೋವೂ ಇಲ್ಲ. ಡಿಫರ್ಡ್ ಟ್ಯಾಕ್ಸ್ (ಮುಂದಿನ ವರ್ಷಗಳಲ್ಲಿ ಬರುವ ತೆರಿಗೆ ವ್ಯತ್ಯಾಸದ ಲೆಕ್ಕ) ಮಾತ್ರ ಎಲ್ಲರಿಗೂ ಇದೆ. ಹಳೇ ಪದ್ಧತಿ ಲಾಭ-ನಷ್ಟ ನೋಡಿ ಕಟ್ಟುವುದು, ಹೊಸದು ಬ್ಯಾಲೆನ್ಸ್ ಶೀಟಿನ ಪ್ರತಿ ಸಾಲು ನೋಡಿ ಕಟ್ಟುವುದು. ಎಲ್ಲ ಹೊಂದಾಣಿಕೆ ಮುಗಿದ ಮೇಲೆ ಕೊನೆಗೆ ಮಾಡಿ. ಮೊದಲು ಮಾಡಿದರೆ ನಾಲ್ಕು ಸಲ ಮಾಡುತ್ತೀರಿ.

ಹೂಟಗಳ್ಳಿ ಲೆಜರ್

ಎರಡು ತಿಂಗಳು ಬಿಟ್ಟು ಬರುತ್ತಿದ್ದೇನೆ, ಕ್ಷಮಿಸಿ. ಇಲ್ಲಿ ಬರೆದದ್ದನ್ನೆಲ್ಲ ಪ್ರಿಂಟ್ ತೆಗೆದು ಹೆಡ್ ಟೇಬಲ್ ಮೇಲೆ ಇಟ್ಟಿದ್ದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ‘ಡಿ16 ಅಂತ ಯಾರೋ ಬರೆದಿದಾರಲ್ಲ, ಅದರ ಮೂಲ ತೋರಿಸು’ ಅಂದರು. ತೋರಿಸಿದೆ. ಎರಡು ವಾರದ ಮಾತು ಆಮೇಲೆ ಎತ್ತಿಲ್ಲ.

ನವೆಂಬರಿನಲ್ಲಿ ಆಡಿಟರ್ ಬಂದು ಒಂದು ವಾರ ಕೂತರು. ಡಿ7ಎಎ ತಗೊಳ್ಳುವುದು ಅಂತ ತೀರ್ಮಾನ ಆಯಿತು. ದೊಡ್ಡಣ್ಣ 1.10 ಕೋಟಿಗೆ ಬಂದ. ಮೇಂಟೆನೆನ್ಸ್‌ನವರ ಹತ್ತಿರ ಪತ್ರ ಬರೆಸಿಕೊಂಡೆವು. 2021ರಲ್ಲಿ ಬೇರಿಂಗ್ ಬದಲಾಯಿಸಿದ್ದು, ಇನ್ನೂ ಐದಾರು ವರ್ಷ ಓಡುತ್ತದೆ ಅಂತ. ಪತ್ರ ಬರೆದವರು ಕೆಳಗೆ ಕೈಯಲ್ಲಿ ‘ಎಣ್ಣೆ ಸರಿಯಾಗಿ ಹಾಕಿದರೆ’ ಅಂತ ಸೇರಿಸಿದ್ದರು. ಆಡಿಟರ್ ಅದನ್ನೂ ಫೈಲಿಗೆ ಹಾಕಿಕೊಂಡರು.

ನಮ್ಮ ಬಸ್ಸು ಹನ್ನೊಂದು ತಿಂಗಳದ್ದು, ಆದರೆ ಒಂಬತ್ತು ವರ್ಷದಿಂದ ಅದೇ ಮಾಲೀಕ, ಅವೇ ಬಸ್ಸು. ರಿನ್ಯೂ ಮಾಡುವ ಹಕ್ಕು ಕಾಗದದಲ್ಲಿ ಇದೆಯಾ ಅಂತ ಆಡಿಟರ್ ಕೆದಕಿದರು. ಇಲ್ಲ. ಪ್ರತಿ ಸಲ ಹೊಸ ಕೊಟೇಷನ್, ಹೊಸ ದರ. ಸದ್ಯಕ್ಕೆ ಬಚಾವ್. ಗೆಸ್ಟ್‌ಹೌಸ್ ಮತ್ತು ಫೋರ್ಕ್‌ಲಿಫ್ಟು ಒಳಗೆ ಬಂದವು. ಜಮೀನಿನ ಪತ್ರ ಹುಡುಕಲು ಒಂದು ಶನಿವಾರ ಪೂರ್ತಿ ಹೋಯಿತು, 99 ವರ್ಷದ ಲೀಸು ಅಂತ ಆಗ ಗೊತ್ತಾಯಿತು. ಇಷ್ಟು ವರ್ಷ ನಾನೇ ‘ಸ್ವಂತ ಭೂಮಿ’ ಅಂತ ಪ್ಯಾಕೇಜಿನಲ್ಲಿ ತುಂಬುತ್ತಿದ್ದೆ.

ಯಾರೂ ಎಚ್ಚರಿಸದ ಒಂದು ವಿಷಯ ಗ್ರಾಚ್ಯುಟಿ. ಮುಂದೆ ಎಷ್ಟು ಗ್ರಾಚ್ಯುಟಿ ಕೊಡಬೇಕು ಅಂತ ಅಂದಾಜು ಹಾಕುವ ಆಕ್ಚುಯರಿ ಲೆಕ್ಕದ ಏರಿಳಿತ ಹಳೇ ಪುಸ್ತಕದಲ್ಲಿ ಲಾಭ-ನಷ್ಟಕ್ಕೇ ಬೀಳುತ್ತಿತ್ತು. ಹೊಸದರಲ್ಲಿ ಓಸಿಐ (ಇತರ ಸಮಗ್ರ ಆದಾಯ) ಅನ್ನುವ ಬೇರೆ ಮನೆಗೆ ಹೋಗುತ್ತದೆ. 2024-25ರ ಲಾಭದ ಅಂಕಿಯೇ ಬದಲಾಯಿತು. ಆ ಲಾಭದ ಮೇಲೆ ನಮ್ಮ ಬೋನಸ್ ಕಟ್ಟಿದ್ದರಿಂದ ಯೂನಿಯನ್‌ನವರಿಗೆ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನನಗೇ ಬಂತು. ‘ದುಡ್ಡು ಎಲ್ಲೂ ಹೋಗಿಲ್ಲ, ಸಾಲು ಬದಲಾಗಿದೆ’ ಅಂದೆ. ‘ಹಾಗಾದ್ರೆ ಬೋನಸ್ಸೂ ಬದಲಾಗಲ್ಲ ಅಲ್ವಾ?’ ಅಂದರು. ಅದಕ್ಕೆ ಉತ್ತರ ಹೆಡ್ ಕೊಟ್ಟರು.

ಪ್ಯಾಕೇಜಿಗೆ ತಿಂಗಳಿಗೆ 1.58 ಲಕ್ಷದ ಸವಕಳಿ ತಿರುಗಿಸುವ ಎಂಟ್ರಿ ಮುಂದುವರಿದಿದೆ. ಅದಕ್ಕೆ ವಿವರಣೆ ಬರೆಯುವಾಗ ಮಷೀನಿನ ಆಯಸ್ಸು ಮತ್ತೆ ನೋಡಿ ಅಂತ ಜರ್ಮನಿಗೂ ಬರೆದೆ. ಅಲ್ಲಿನ ಕಂಟ್ರೋಲರ್ ತಿರುಗಿ ಕೇಳಿದರು, ಬೆಲೆ ಸೊನ್ನೆ ಇರುವ ಮಷೀನಿಗೆ ವರ್ಷಾವರ್ಷ ಬಿಡಿಭಾಗದ ಬಜೆಟ್ ಯಾಕೆ ಕೇಳುತ್ತೀರಿ, ಅದು ನಿಜವಾಗಿಯೂ ಓಡುತ್ತಿದೆಯಾ, ಫೋಟೋ ಕಳಿಸಿ ಅಂತ. ನನ್ನ ಮೊಬೈಲಿನಲ್ಲಿ ಇದ್ದದ್ದು ಆಯುಧಪೂಜೆಯ ಫೋಟೋ ಒಂದೇ. ಕುಂಕುಮ, ಹಾರ, ಮಧ್ಯದಲ್ಲಿ ಅಸೆಟ್ ಟ್ಯಾಗ್ ನಂಬರು ಸ್ಪಷ್ಟವಾಗಿ ಕಾಣುತ್ತದೆ. ಅದನ್ನೇ ಕಳಿಸಿದೆ. ಅವರು ಈಗ ಕ್ರಿಸ್‌ಮಸ್ ರಜೆಯಲ್ಲಿದ್ದಾರೆ.